ಗೋಧಿ ಬಿಟ್ಟ ಮೂರು ವಾರ

ಮಾರ್ಚ್ ೯, ಸೋಮವಾರ

ಮಹಾಪರಾಧವೊಂದನ್ನು ಒಪ್ಪಿಕೊಳ್ಳುತ್ತೇನೆ: ಬೆಳಿಗ್ಗೆ ಬೇಕರಿಯೆದುರು ಕಣ್ಣು ಮುಚ್ಚಿ ನಿಂತು ಬಿಸಿ ಬ್ರೆಡ್ಡಿನ ಘಮ ಕದ್ದೆ. ಬೀದಿಯೆಲ್ಲ ನಾದಿದ ಹಿಟ್ಟಿನಂತೆ ಮೆಲ್ಲಗೆ ಉಬ್ಬಿ, ನನ್ನನ್ನೂ ಎತ್ತಿಕೊಂಡು ತೇಲಿದ ಹಾಗಾಯಿತು.

ತಿನ್ನಲಿಲ್ಲ. ಕಾರಣ ತಿಳಿಯದ ಹೊಟ್ಟೆಯುಬ್ಬರ, ಸುಸ್ತಿಗೆಂದು ಡಾಕ್ಟರು ಗೋಧಿ ಬಿಡಿಸಿ ಮೂರು ವಾರ. ಒಂದು ಕಣವನ್ನೂ ಬಾಯಿಗಿಟ್ಟಿಲ್ಲವೆಂದು ಜಂಬ ಕೊಚ್ಚುತ್ತಲೇ ಇದ್ದೇನೆ. ಗುಣ ಮಾತ್ರ ಕಂಡಿಲ್ಲ. ಗೋಧಿಯೂ ಅಲ್ಲವಾದರೆ ಇನ್ಯಾವ ರೋಗವೋ ಎಂಬ ಭಯ.

ಮಧ್ಯಾಹ್ನ ನನ್ನ ಬೈಂಡಿಂಗ್ ಅಂಗಡಿಗೆ ಬುತ್ತಿ ತಂದ ಹೆಂಡತಿ, ಪುಸ್ತಕಕ್ಕೆ ಅಂಟು ಬಳಿಯುತ್ತಿದ್ದ ನನ್ನನ್ನೇ ದಿಟ್ಟಿಸಿದಳು.

“ರೀ, ಆ ಅಂಟು ಮೈದಾದ್ದಲ್ವಾ? ಮೈದಾ ಗೋಧಿದೇ ಅಲ್ವಾ? ಮತ್ತೆ ಆ ಬೆರಳನ್ನ ಯಾಕ್ರೀ ನೆಕ್ತೀರಾ?”

“ಹಾಳೆ ತಿರುವೋಕೆ ಕಣೇ,” ಎಂದೆ.

ಭಯವೇನೋ ಹತ್ತಿಯಂತೆ ಹಾರಿಹೋಯಿತು. ಆದರೆ ಅವಳಿಗೆ ಹೇಳದೆ ಉಳಿಸಿಕೊಂಡದ್ದು ಇಷ್ಟು: ಈ ಮೂರು ವಾರ, ತಿರುವಲು ಹಾಳೆಯೇ ಇಲ್ಲದಾಗಲೂ ನೆಕ್ಕಿದ್ದೇನೆ.