ನಿಲ್ಲದ ಲೋಲಕ

ಹೊನ್ನಾವರ ನೀರೂರು
ಫೆಬ್ರವರಿ 30, 2231

ಹಳೆಯ ಹೊನ್ನಾವರದ ಅಪರಿಚಿತರೇ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಇನ್ನೂರು ವರ್ಷಗಳಲ್ಲಿ ಹೊಸ ವಸ್ತುಗಳು ಬಂದವು, ಅವುಗಳಿಗೆ ಹೆಸರೂ ಬಂತು. ಈ ಪತ್ರ ನಿಮಗೆ ತಲುಪುತ್ತದೆ ಎಂದು ನಾನು ನಂಬಿಲ್ಲ. ನಮಗೆ ಗೊತ್ತಿರುವ ಭೌತಶಾಸ್ತ್ರದಲ್ಲಿ ಹಿಂದಿನ ಕಾಲಕ್ಕೆ ಹೋಗುವ ಟಪಾಲಿಲ್ಲ. ಆದರೂ ಕಳಿಸಿ ನೋಡದೆ ಹೇಗೆ ಹೇಳುವುದು?

ನನ್ನ ಹೆಸರು ಗಣಪಿ ಅಂಬಿಗ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಯಾರೂ ಅನ್ಯಾಯ ಮಾಡಲಿಲ್ಲ. ಒಂದೇ ಕಡೆ ಕೂರುವುದು ನನ್ನಿಂದ ಆಗಲಿಲ್ಲ, ಅಷ್ಟೇ. ಬೀಳುವ, ತೂಗುವ, ತಿರುಗುವ ವಸ್ತುಗಳನ್ನು ನೋಡುತ್ತ ನಿಲ್ಲುವ ಚಟ ಮಾತ್ರ ಹೋಗಲಿಲ್ಲ. ನಮ್ಮದು ತೇಲುಮನೆ. ಸಮುದ್ರ ಊರನ್ನು ತೆಗೆದುಕೊಂಡ ಮೇಲೆ ಇಲ್ಲಿ ಎಲ್ಲರ ಮನೆಯೂ ಹಾಗೆಯೇ. ಬೆಳಗ್ಗೆ ಎದ್ದು ಉಬ್ಬರ ನೋಡಿ ಮನೆಯ ಹಗ್ಗ ಸಡಿಲಿಸುತ್ತೇವೆ, ಹಲಗೆ ದಾಟಿ ಪಕ್ಕದ ಮನೆಯಿಂದ ಹಾಲಿಗೆ ಹೆಪ್ಪು ತರುತ್ತೇವೆ. ಪ್ರತಿ ಮನೆಯಲ್ಲೂ ಒಂದು ಉತ್ತರಿಗ ಇದೆ, ಅಂದರೆ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಯಂತ್ರ. ಅದು ತಪ್ಪುವುದಿಲ್ಲ, ತಲೆಯನ್ನೂ ಕೆರೆದುಕೊಳ್ಳುವುದಿಲ್ಲ. ನನಗೆ ಬೇಕಿದ್ದದ್ದು ಜೊತೆಗೆ ಕೂತು ತಲೆ ಕೆರೆದುಕೊಳ್ಳುವವರು.

ಅಂಥವರು ಅಳತೆಕಟ್ಟೆಯಲ್ಲಿ ಸಿಕ್ಕಿದರು. ನಿಮ್ಮ ಅರಳಿಕಟ್ಟೆಯ ಹಾಗೆಯೇ ಅದು, ಮರ ಮಾತ್ರ ಇಲ್ಲ. ಬೇರೆ ಬೇರೆ ಊರಿನವರು ಅಂತರ್ಜಾಲದಲ್ಲಿ ಬಂದು ಕೂರುವ ಜಾಗ. ಓದುವುದಕ್ಕೆ ಯಾರದೂ ತಡೆಯಿಲ್ಲ. ಮಾತಾಡಬೇಕಾದರೆ ಮಾತ್ರ ಮೊದಲು ಒಂದು ಕೈಯಳತೆ ಒಪ್ಪಿಸಬೇಕು. ಉತ್ತರಿಗನನ್ನು ಕೇಳದೆ ಸ್ವಂತ ಕೈಯಿಂದ ಅಳೆದದ್ದು ಎಂದು ಅರ್ಥ. ಆ ವರ್ಷದ ಅಳತೆ ಭೂಮಿಯ ಸೆಳೆತ. ತಿಂಗಳುಗಟ್ಟಲೆ ಅವರ ಜಗಳಗಳನ್ನು ಓದಿದ್ದ ನನಗೆ, ಒಳಗೆ ಹೋಗದಿದ್ದರೆ ಇನ್ನು ಹೋಗಲು ಬೇರೆ ಜಾಗವೇ ಇಲ್ಲ ಅನ್ನಿಸಿತ್ತು.

ಬಲೆ ಮುಳುಗಿಸುವ ಕಲ್ಲಿನ ಗುಂಡೊಂದಕ್ಕೆ ಒಂದು ಮೀಟರ್ ದಾರ ಕಟ್ಟಿ ತೊಲೆಗೆ ತೂಗುಹಾಕಿದೆ. ದಿನವಿಡೀ ಅದರೆದುರು ಕೂತು ತೂಗಾಟ ಎಣಿಸುವುದನ್ನು ನೋಡಿ ಅಮ್ಮ, "ಶಾಲೇಲಿ ಕೂರೂಕಾಗ್ದವ್ಳು ಕಲ್ಲಿನ ಮುಂದೆ ಕೂತ್ಲಪ್ಪ! ಇನ್ನು ಅದ್ಕೆ ಜೋಗುಳ ಹಾಡೂದೊಂದೇ ಬಾಕಿ" ಅಂದಳು. ಎಷ್ಟು ಸಲ ಎಣಿಸಿದರೂ ಸೆಳೆತದ ಲೆಕ್ಕ ಎಂಟು ಮುಕ್ಕಾಲು, ಒಂಬತ್ತರ ಹತ್ತಿರವೇ ನಿಂತಿತು. ಬರಬೇಕಾದದ್ದು ಒಂಬತ್ತು ಮುಕ್ಕಾಲಿಗಿಂತ ತುಸು ಹೆಚ್ಚು ಎಂಬುದು ನಮ್ಮ ಮಕ್ಕಳಿಗೂ ಗೊತ್ತು.

ಕಟ್ಟೆಗೆ ಆಗಲೇ ಸೇರಿದ್ದ ಮೈಸೂರಿನ ಚೆಲುವರಾಜು ಗುಟ್ಟಾಗಿ ಬರೆದ: "ಯಾಕಮ್ಮಾ ಒದ್ದಾಡ್ತೀಯ? ಸರಿಯಾದ್ದು ಯಾವ್ದು ಅಂತ ಗೊತ್ತಲ್ಲ, ಅದನ್ನೇ ಬರೆದ್ಬಿಟ್ಟು ಒಳಗ್ ಬಾ. ನಿಂದು ಹಾಕಿದ್ರೆ ಓಡಿಸ್ತಾರೆ." ಅವನು ಒಳ್ಳೆಯದಕ್ಕೇ ಹೇಳಿದ. ಆದರೆ ಗೊತ್ತಿದ್ದುದನ್ನೇ ಬರೆಯುವುದಾದರೆ ಗುಂಡು ಯಾಕೆ, ದಾರ ಯಾಕೆ? ಬಂದದ್ದನ್ನೇ ಹಾಕಿದೆ. ಕೊನೆಗೆ ಹೆಮ್ಮೆಯಿಂದ ಒಂದು ಸಾಲು ಸೇರಿಸಿದೆ: ನನ್ನ ಲೋಲಕ ನಿಮ್ಮ ಲೋಲಕಗಳಂತೆ ನಿಂತುಹೋಗುವುದಿಲ್ಲ, ಬೆಳಗ್ಗೆ ಬಿಟ್ಟರೆ ಸಂಜೆಗೂ ತೂಗುತ್ತಿರುತ್ತದೆ.

ಕೆಲವರು ನಕ್ಕರು. ಸೇಡಂ ಕಡೆಯ ಗುರುಬಾಯಿ ಎಂಬ ಹಿರಿಯಾಕೆ ಮಾತ್ರ ಕೇಳಿದಳು: "ಏ ಹುಡುಗಿ, ನಿಂದ್ರಂಗೇ ಇಲ್ಲಂದ್ರ ಅದನ್ನ ಯಾರು ತೂಗ್ಲಿಕತ್ತಾರ?"

ಯಾರೂ ಇಲ್ಲ ಎಂದು ಬರೆಯಲು ಹೊರಟವಳು ತಡೆದುಕೊಂಡೆ. ಗುಂಡನ್ನು ಹಿಡಿದು ಪೂರ್ತಿ ನಿಲ್ಲಿಸಿ ಕೈಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ನಾನು ಮುಟ್ಟದೆಯೇ ತೂಗತೊಡಗಿತು. ಅಲೆಯ ಮೇಲೆ ಅಲುಗುತ್ತ ಅದನ್ನು ತೂಗುತ್ತಿದ್ದದ್ದು ನಮ್ಮ ಮನೆ. ಹುಟ್ಟಿದಾಗಿನಿಂದ ಅದರೊಳಗೇ ಇದ್ದ ನನಗೆ ಮನೆ ಅಲುಗುತ್ತದೆ ಎನ್ನುವುದೇ ಗೊತ್ತಿರಲಿಲ್ಲ. ಹಗ್ಗ ಸಡಿಲಿಸುವ ಕೈ ನನ್ನದೇ. ಆದರೂ ನೆಲ ಎಂದರೆ ನನಗೆ ಈ ಹಲಗೆಯೇ.

ಕಂಡದ್ದನ್ನೆಲ್ಲ ಕಟ್ಟೆಯಲ್ಲಿ ಬರೆದೆ. ಗುರುಬಾಯಿಯ ಉತ್ತರ ಬಂತು: "ನೀ ಭೂಮಿ ಅಳದಿಲ್ಲವ್ವ, ನಿಮ್ಮ ಮನಿ ಅಳದಿ. ಅಳತಿ ಬರೋಬರಿ ಅದ. ಬಾ, ಕುಂದ್ರು." ಚೆಲುವರಾಜು ಮರುದಿನವೇ ತನ್ನ ಹಳೆಯ ಅಳತೆಯನ್ನು ಹಿಂದಕ್ಕೆ ತೆಗೆದುಕೊಂಡು ದಾರ ಕಟ್ಟಲು ಕೂತನಂತೆ.

ಈಗ ನನ್ನ ಕೋರಿಕೆ. ಎಲ್ಲ ಊರಿನ ಅಳತೆಗಳೂ ಕಟ್ಟೆಯಲ್ಲಿವೆ. ಹೊನ್ನಾವರದ ನೆಲದ್ದು ಮಾತ್ರ ಇಲ್ಲ. ನಮ್ಮ ಮನೆಯ ಕೆಳಗೆ, ನೀರಿನಡಿ, ನಿಮ್ಮ ಬಜಾರಿನ ರಸ್ತೆ ಇದೆ. ಅದು ಇನ್ನೂ ಒಣಗಿರುವಾಗ ಅಲ್ಲಿ ಒಂದು ಗುಂಡು ತೂಗುಹಾಕಿ, ಎಣಿಸಿ, ಬಂದ ಸಂಖ್ಯೆಯನ್ನು ಬಂದ ಹಾಗೆಯೇ ಎಲ್ಲರೂ ಓದುವ ಕಡೆ ಬರೆದಿಡಿ. ತಿದ್ದಬೇಡಿ. ನಿಮ್ಮ ನೆಲ ಅಲುಗುವುದಿಲ್ಲ ಎಂದು ನೀವು ನಂಬಿದ್ದೀರಿ. ಎಣಿಸುವ ಮೊದಲು ಗುಂಡನ್ನು ಹಿಡಿದು ನಿಲ್ಲಿಸಿ, ಕೈಬಿಟ್ಟು, ಸ್ವಲ್ಪ ಹೊತ್ತು ಕಾದು ನೋಡಿ.

ಗಣಪಿ