ಬಿಸಿಗೆ ಗಟ್ಟಿಯಾಗುವ ಅಂಟು

ದೊಡ್ಡಮ್ಮನಿಗೆ ನಮಸ್ಕಾರ. ಈ ಕತೆಯನ್ನು ಮೊದಲು ಹೇಳಿದ್ದು ನಮ್ಮ ಲ್ಯಾಬಿನ ಹಿರಿಯಳು, ಎಲ್ಲರ ಬಾಯಲ್ಲೂ ಐಸಕ್ಕ, ಮೊನ್ನೆ ಸೋಮವಾರ ಊಟದ ಹೊತ್ತಿಗೆ. ಇಲ್ಲಿ ನಾವು ರೋಗಿಯ ಕರುಳಿನಿಂದ ಚಿವುಟಿ ತೆಗೆದ ಚೂರಿನ ಜೀವಕೋಶಗಳನ್ನು ಒಂದು ಅಂಟಿನೊಳಗೆ ಬೆಳೆಸುತ್ತೇವೆ. ವಾರದಲ್ಲಿ ಅವು ಪುಟ್ಟ ಗುಳ್ಳೆಗಳಾಗಿ ಉಬ್ಬುತ್ತವೆ. ಯಾವ ಔಷಧ ಆ ರೋಗಿಗೆ ಹಿಡಿಸೀತೆಂದು ಅವುಗಳ ಮೇಲೆ ಪರೀಕ್ಷಿಸುತ್ತಾರೆ.

"ಆಗ ನಾನೂ ನಿಮ್ಮ ಹಾಗೇ ಹೊಸಬಳಾಗಿದ್ದೆ. ಈ ಅಂಟೂ ತುಪ್ಪದ ಥರ ಬಿಸಿಗೆ ಕರಗುತ್ತೆ ಅಂದ್ಕೊಂಡೆ ಕಣ್ರೋ," ಎಂದಳು ಐಸಕ್ಕ. "ಕೋಶ ಬೆರೆಸಿ, ಇನ್ನಷ್ಟು ಕರಗಲಿ ಅಂತ ಕೊಳವೇನ ಅಂಗೈ ಮಧ್ಯೆ ಹೊಸೆದೆ. ಇದೋ ಉಲ್ಟಾ ಗಿರಾಕಿ. ತಣ್ಣಗಿದ್ರೆ ನೀರು, ಬಿಸಿಯಾದ್ರೆ ಗಟ್ಟಿ. ಕೋಶಗಳ ಸಮೇತ ಕೊಳವೆಯಲ್ಲೇ ಹೆಪ್ಪಾಯ್ತು. ಪಾಪ, ಆ ಚೂರು ಕೊಟ್ಟಿದ್ದ ಹೆಂಗಸು ಇನ್ನೊಂದು ಚೂರು ಕೊಡೋಕೆ ಮತ್ತೆ ಬಂದು ಹೊಟ್ಟೆಯೊಳಗೆ ನಳಿಗೆ ಇಳಿಸ್ಕೊಂಡ್ಲು. ನನಗೆ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು."

"ಅಕ್ಕಾ, ನಾಳೆ ನನ್ನ ಸರದಿ," ಎಂದೆ. ನನ್ನ ಕೈಗೆ ಮೊದಲ ಸಲ ರೋಗಿಯ ಚೂರು ಬರುವುದಿತ್ತು, ಅದೂ ಇದ್ದದ್ದು ಒಂದೇ.

"ಗೊತ್ತು. ಅದಕ್ಕೇ ಅನ್ನ ಆರಿದ್ರೂ ಹೇಳ್ತಿರೋದು."

ನನ್ನ ಆರೋಗ್ಯ ಚೆನ್ನಾಗಿದೆ. ನಿನ್ನ ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಮರುದಿನ ಬೆಳಗ್ಗೆ ನಾವು ಹೊಸಬರು ಮೂವರೂ ಒಂದು ಗಂಟೆ ಮೊದಲೇ ಬಂದು, ಅಂಟನ್ನು ಹೀರುವ ಪಿಪೆಟ್ಟಿನ ತುದಿಗಳನ್ನೂ ಫ್ರೀಜರಿನಲ್ಲಿಟ್ಟೆವು. ಅವರಿಬ್ಬರು ಕೊಳವೆ ಹೂತಿಟ್ಟ ಐಸಿನ ಬಕೆಟ್ಟನ್ನು ಒತ್ತಿ ಹಿಡಿದರು, ನಾನು ಕೋಶ ಬೆರೆಸಿದ ಅಂಟನ್ನು ಹನಿಹನಿಯಾಗಿ ಬಟ್ಟಲಿಗೆ ಬಿಟ್ಟೆ. ಅಂಟು ಬಟ್ಟಲಿಗೆ ಬಿದ್ದು ಬೆಚ್ಚಗಾದ ಮೇಲೆಯೇ ಗಟ್ಟಿಯಾಯಿತು. ಈ ರೋಗಿ ಮತ್ತೆ ನಳಿಗೆ ನುಂಗಬೇಕಾಗಿಲ್ಲ.