ಡ್ರಾಯರಿನಲ್ಲಿ ನನ್ನ ಹೆಸರು

ಲುಂಡ್‌ಗ್ರೆನ್ ಟೀಚರ್‌ಗೆ,

ನೀವು ತೀರಿಕೊಂಡು ತಿಂಗಳಾಯಿತು; ಆದರೂ ವರದಿ ಒಪ್ಪಿಸದೆ ಸಮಾಧಾನವಿಲ್ಲ. ಚುನಾವಣೆಯಲ್ಲಿ ನಿಮ್ಮನ್ನು ಸೋಲಿಸಿದ ನನಗೆ ಇವತ್ತು ರಾಜ್ಯದ ಸೆನೆಟ್‌ನಲ್ಲಿ ನಿಮ್ಮ ಮೇಜನ್ನೇ ಕೊಟ್ಟರು. ಅಲ್ಲಿ ಕೂತವರೆಲ್ಲ ಡ್ರಾಯರಿನೊಳಗೆ ಸಹಿ ಹಾಕುವುದು ರೂಢಿಯಲ್ಲವೇ? ಬೀಗ ತೆಗೆಸಿ ತೆರೆದೆ. ನಿಮ್ಮ ಸಹಿಯ ಕೆಳಗೆ, ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ಗುಂಡು ಅಕ್ಷರದಲ್ಲಿ, "ಕ್ಲೇಟನ್, ಮೇಜಿನಡಿ ಗಮ್ ಅಂಟಿಸ್ಬೇಡ" ಎಂದಿತ್ತು.

ಬಾಯಲ್ಲಿದ್ದ ಚೂಯಿಂಗ್ ಗಮ್ಮನ್ನು ಗುಳಕ್ಕನೆ ನುಂಗಿದೆ.

"ಸೋತ ಮೇಲೆ ಬರೆದ್ರಾ?" ಎಂದು ಗುಮಾಸ್ತೆ ನೆಲ್ಡಾಳನ್ನು ಕೇಳಿದೆ.

"ಎಲ್ಲಿಯ ಸೋಲು ಸೆನೆಟರೇ? ಮೇ ತಿಂಗಳಲ್ಲೇ ಬರೆದು, ಬೀಗ ಹಾಕಿ, ಕೀ ನನ್ನ ಕೈಗೆ ಕೊಟ್ಟು ಹೋದ್ರು!"

ಚುನಾವಣೆಗೆ ನಿಲ್ಲುತ್ತೇನೆಂದು ನಾನು ಬಾಯಿಬಿಟ್ಟದ್ದೇ ಜೂನ್‌ನಲ್ಲಿ. ನಿಮಗೆ ಹೇಗೆ ಗೊತ್ತಾಯಿತು? "ಟೀಚರ್‌ಗೆ ಕಿವಿ ಮಂದ" ಎಂದು ಪ್ರಚಾರದಲ್ಲಿ ನಾನು ಊರೆಲ್ಲ ಸಾರುವಾಗ ಒಮ್ಮೆಯೂ ಯಾಕೆ ಬೈಯಲಿಲ್ಲ?

ಈಗ ನಿಮ್ಮ ಹೆಸರಿನ ಕೆಳಗೆ ಸಹಿ ಹಾಕಬೇಕು. ಪೆನ್ನು ಹಿಡಿದಿದ್ದೇನೆ, ಮೊದಲು ಕೈಯೆತ್ತಿ ನಿಮ್ಮನ್ನು ಕೇಳಬೇಕು ಅನಿಸುತ್ತಿದೆ.